ಕಮ್ಮಾರನ ಕೈಹಿಡಿದ ಬ್ರೋನಾ

ಬ್ರೋನಾಳಿಗೆ ಕಬ್ಬಿಣ ಒಗ್ಗುತ್ತಿರಲಿಲ್ಲ. ಸೂಜಿ ಹಿಡಿದರೂ ಬೆರಳು ಉರಿಯುತ್ತಿತ್ತು, ಬಾಣಲೆ ಮುಟ್ಟಿದರೆ ಅಂಗೈಯೆಲ್ಲ ಬೊಬ್ಬೆ. ಅಜ್ಜಿ ಹನೋರಾ ಅದಕ್ಕೆ ನಾಜೂಕು ಚರ್ಮ ಅಂತ ಹೆಸರಿಟ್ಟು, ಅಡುಗೆಯನ್ನೆಲ್ಲ ತಾನೇ ಮಾಡಿಕೊಂಡು ಮೊಮ್ಮಗಳನ್ನು ಸಾಕಿದ್ದಳು. ಅಮ್ಮ ಬಾಣಂತನದಲ್ಲೇ ಹೋದಳು, ಅಪ್ಪ ದೋಣಿಯ ಸಮೇತ ಕಡಲಪಾಲಾದ ಎಂಬಷ್ಟೇ ಬ್ರೋನಾಳಿಗೆ ಗೊತ್ತಿತ್ತು. ಇಂಥವಳು, ಕ್ಲೇರ್ ಸೀಮೆಯಲ್ಲಿ ಅಷ್ಟೊಂದು ಗಂಡುಗಳಿದ್ದೂ, ಹೋಗಿ ಹೋಗಿ ಕಮ್ಮಾರ ಕಾಲ್ಮನ್‌ಗೆ ಮನಸ್ಸು ಕೊಟ್ಟಳು.

ಕಾಲ್ಮನ್ ಒಳ್ಳೆ ಹುಡುಗ. ತೋಳು ಎತ್ತಿನ ಹೆಗಲಿನಂತಿದ್ದರೂ ಹೆಣ್ಣುಮಕ್ಕಳ ಮುಂದೆ ಕೆಂಪಾಗುವವನು. ಮದುವೆ ಗೊತ್ತಾಗಿ, ಪಾದ್ರಿಗಳು ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಓದಿ ಮದುವೆಯನ್ನು ಸಾರಿಯಾಗಿತ್ತು. ಆದರೂ ಬ್ರೋನಾ ಕುಲುಮೆಯ ಹೊಸಿಲು ದಾಟಿದವಳಲ್ಲ. ಹೊರಗಿನ ಕಲ್ಲುಗೋಡೆಯ ಮೇಲೆ ಕೂತೇ ಹರಟುತ್ತಿದ್ದಳು. ಹೊಗೆಗೆ ಹೆದರ್ತೀಯೋ ನನಗೆ ಹೆದರ್ತೀಯೋ ಅಂತ ಅವನು ರೇಗಿಸುತ್ತಿದ್ದ.

ಒಂದು ಮಧ್ಯಾಹ್ನ ಲಾಳ ಕಟ್ಟಿಸಲು ತಂದಿದ್ದ ಎಳೆ ಕುದುರೆಯೊಂದು ಕೆರಳಿಬಿಟ್ಟಿತು. ಹಗ್ಗ ಕಿತ್ತುಕೊಂಡು, ಕಾಲ್ಮನ್‌ನನ್ನು ಗೋಡೆಗೆ ಒತ್ತಿ ಕಾಲು ಝಾಡಿಸತೊಡಗಿತು. ಅದರ ಯಜಮಾನ, ಮುದುಕ ಫೆಸ್ಟಸ್, ಬೀದಿಗೆ ಓಡಿದ. ಬ್ರೋನಾ ಹಿಂದುಮುಂದು ನೋಡದೆ ಒಳಗೆ ನುಗ್ಗಿ ಕುದುರೆಯ ಕಿವಿಯಲ್ಲಿ ಏನೋ ಹೇಳಿದಳು. ಅದು ಯಾವ ಭಾಷೆಯೋ ಅವಳಿಗೇ ತಿಳಿಯದು, ತಾನಾಗಿ ಬಾಯಿಗೆ ಬಂತು. ಕುದುರೆ ತಣ್ಣಗಾಗಿ ಅವಳ ಭುಜಕ್ಕೆ ಮೂತಿ ಒರೆಸಿತು. ಫೆಸ್ಟಸ್ ಶಿಲುಬೆಯ ಗುರುತು ಹಾಕಿಕೊಂಡು, ಲಾಳವೂ ಬೇಡ ಏನೂ ಬೇಡ ಎಂದು ಕುದುರೆಯನ್ನು ಎಳೆದುಕೊಂಡು ಹೋದ.

ಮನೆಗೆ ಬಂದವಳೇ ಬ್ರೋನಾ ಆ ಭಾಷೆ ತನಗೆ ಹೇಗೆ ಬಂತೆಂದು ಅಜ್ಜಿಯ ಬೆನ್ನುಹತ್ತಿದಳು. ಅಜ್ಜಿ ಆಲೂಗಡ್ಡೆ ಸುಲಿಯುತ್ತ ಮೊದಲು ಕೇಳಿಸದವಳಂತೆ ನಟಿಸಿದಳು. ಆಮೇಲೆ ಬಾಯಿಬಿಟ್ಟಳು.

"ನಿಮ್ಮಮ್ಮ ಸತ್ತಿಲ್ಲ ಕಣೇ. ಅವಳು ಗುಡ್ಡದ ಒಳ್ಳೆಯವರ ಪೈಕಿ."

ಒಳ್ಳೆಯವರು ಅಂದರೆ ಯಾರೆಂದು ಆ ಊರಿನ ಕೂಸಿಗೂ ಗೊತ್ತು. ಗುಡ್ಡದ ಹೊಟ್ಟೆಯೊಳಗೆ ಬದುಕುವ ಆ ಮಾಯದ ಜನರ ನಿಜವಾದ ಹೆಸರನ್ನು ಹೆದರಿ ಯಾರೂ ಎತ್ತುವುದಿಲ್ಲ. ಅಪ್ಪ ಅವಳನ್ನು ಮೆಚ್ಚಿ ಕಟ್ಟಿಕೊಂಡು ಬಂದಿದ್ದನಂತೆ. ಒಂದು ದಿನ ಕುದುರೆಯತ್ತ ಎಸೆದ ಕಡಿವಾಣ ಗುರಿತಪ್ಪಿ ಅವಳ ಕೈಗೆ ತಗುಲಿತಂತೆ. ಗಂಡನ ಕೈಯ ಕಬ್ಬಿಣ ಸೋಕಿದರೆ ಆ ಮಂದಿ ನಿಲ್ಲುವ ಹಾಗಿಲ್ಲವಂತೆ. ತೊಟ್ಟಿಲಲ್ಲಿದ್ದ ಕೂಸನ್ನು ಬಿಟ್ಟು ಎದ್ದು ಹೋದಳಂತೆ.

ಬ್ರೋನಾಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಮುಚ್ಚಿಟ್ಟ ಅಜ್ಜಿಯ ಮೇಲೆ, ಬಿಟ್ಟುಹೋದ ಅಮ್ಮನ ಮೇಲೆ. ಅದರ ಬೆನ್ನಿಗೇ ದಿಗಿಲು. ಕಟ್ಟಿಕೊಳ್ಳುತ್ತಿರುವುದು ಕಮ್ಮಾರನನ್ನು. ಒಂದು ಮೊಳೆ ಅವನ ಕೈಜಾರಿ ತಾಗಿದರೆ ತಾನೂ ಹೀಗೆಯೇ ಎದ್ದು ನಡೆಯಬೇಕೇ?

ಮರುದಿನ ಮಟಮಟ ಮಧ್ಯಾಹ್ನ ಗುಡ್ಡ ಹತ್ತಿ, ಒಳ್ಳೆಯವರ ಬಾಗಿಲೆಂದು ಊರವರು ಹೇಳುವ ಒಂಟಿ ಮುಳ್ಳುಮರದ ಕೆಳಗೆ ನಿಂತು, ಬಾಯಿಗೆ ಬಂದ ಅದೇ ಭಾಷೆಯಲ್ಲಿ ಕೂಗಿದಳು. ಹುಲ್ಲಿನ ಮರೆಯಿಂದ ಅವಳದೇ ವಯಸ್ಸಿನಂತೆ ಕಾಣುವ ಹೆಂಗಸೊಬ್ಬಳು ತಲೆ ಬಾಚಿಕೊಳ್ಳುತ್ತಲೇ ಬಂದಳು. ತನ್ನದೇ ಮೂಗು, ತನ್ನದೇ ಚೂಪು ಗದ್ದ. ಎಷ್ಟು ದೊಡ್ಡವಳಾಗಿದ್ದೀಯ ಎಂದು ಒಂದು ಹಿಡಿ ಕಾಡುಹಣ್ಣು ಚಾಚಿದಳು. ಅವರ ಕೈಯದು ತಿಂದವರು ಊರಿಗೆ ವಾಪಸಾಗುವುದಿಲ್ಲವೆಂದು ಬ್ರೋನಾಳಿಗೆ ಗೊತ್ತು. ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡಳು.

"ಕಡಿವಾಣ ತಾಗಿದ್ದಕ್ಕೇ ಹೋದ್ಯಾ?"

"ಆ ಉರಿ ಸಂಜೆಗೇ ಇಳೀತು," ಅಂದಳು ಅಮ್ಮ. "ಹೋಗಬೇಕು ಅಂತ ಮೊದಲೇ ಅನ್ನಿಸಿತ್ತು, ಒಂದು ನೆಪ ಸಿಕ್ತು. ನಿಮ್ಮಪ್ಪ ಕೆಟ್ಟವನಲ್ಲ. ಆದ್ರೆ ನಾನು ನನ್ನ ಭಾಷೆ ಆಡಿದ್ರೆ ಯಾರಾದ್ರೂ ಕೇಳಿಸ್ಕೋತಾರೆ ಅಂತ ಬಾಗಿಲು ಹಾಕ್ತಿದ್ದ. ನನ್ನ ಊರು ಹೇಗಿದೆ ಅಂತ ಒಂದು ಸಲಾನೂ ಕೇಳಲಿಲ್ಲ."

"ನಾನು ತೊಟ್ಟಿಲಲ್ಲಿದ್ದೆ."

"ಹೂಂ. ಅದು ನನ್ನ ತಪ್ಪೇ." ಚಾಚಿದ್ದ ಹಣ್ಣನ್ನು ಹುಲ್ಲಿಗೆ ಸುರಿದು ಹೇಳಿದಳು: "ನಿನ್ನನ್ನ ಯಾವ ಕಬ್ಬಿಣವೂ ಓಡಿಸಲ್ಲ ಕಣೇ. ಇರಬೇಕು ಅನ್ನಿಸಿದ ಕಡೆ ಇರು."

ಅಮ್ಮನನ್ನು ಕ್ಷಮಿಸಬೇಕೆಂದು ಬ್ರೋನಾಳಿಗೆ ಆ ದಿನ ಅನ್ನಿಸಲಿಲ್ಲ. ಆದರೆ ಗುಡ್ಡ ಇಳಿಯುವಾಗ ಕಾಲು ತಾನಾಗಿ ಓಡುತ್ತಿತ್ತು. ನೆಟ್ಟಗೆ ಕುಲುಮೆಗೆ ಹೋಗಿ ಕಾಲ್ಮನ್‌ಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬೇಡ ಅನ್ನಿಸಿದರೆ ಈಗಲೇ ಹೇಳಿಬಿಡು ಅಂದಳು.

ಅವನು ಸುತ್ತಿಗೆ ಕೆಳಗಿಟ್ಟ. ಮುಖ ಬಿಳಿಚಿಕೊಂಡಿತ್ತು. ಅಂಗೈಯ ಮಸಿ ಒರೆಸಿಕೊಳ್ಳುತ್ತ, "ಒಳಗೆ ಹೇಗಿದೆಯಂತೆ ಆ ಗುಡ್ಡ?" ಎಂದು ಕೇಳಿದ.

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಕೇಳೋದೇ ಮರೆತೆ."

"ಇನ್ನೊಂದ್ಸಲ ಹೋದಾಗ ಕೇಳ್ಕೊಂಡು ಬಾ. ಆದ್ರೆ ನಿಮ್ಮಮ್ಮ ಮದುವೆಗೆ ಬಂದ್ರೆ, ನಮ್ಮಮ್ಮನ ಪಕ್ಕ ಮಾತ್ರ ಕೂರಿಸ್ಬೇಡ ಮಾರಾಯ್ತಿ."

ಮದುವೆ ಜೂನ್ ತಿಂಗಳಲ್ಲಿ ಆಯಿತು. ಅಮ್ಮ ಚರ್ಚಿನತ್ತ ಸುಳಿಯಲಿಲ್ಲ, ಚರ್ಚಿನ ಗಂಟೆಯ ಸದ್ದು ಗುಡ್ಡದವರಿಗೆ ಆಗದು. ಸಂಜೆ ಕುಣಿತ ಶುರುವಾದಾಗ ಹಸಿರು ಶಾಲು ಹೊದ್ದು ಬಂದಳು. ಪಿಟೀಲಿನವನ ಕೈಸೋಲುವ ತನಕ ಕುಣಿದಳು; ಕೊನೆಗೆ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಹನೋರಾ ಅಜ್ಜಿಯನ್ನೂ ಎಬ್ಬಿಸಿದಳು. ಅಜ್ಜಿ ಬೈಯುತ್ತಲೇ ಕುಣಿದಳು.