ನಾದಿನಿಯ ಹೆಸರಿಗೆ ಬಂದ ಹಾಯಿದೋಣಿ

ನಾನು ಒಂದು ಅಂಚೆಚೀಟಿ. ಹುಟ್ಟಿದ್ದು ದೂರದ ಚಳಿಯೂರಿನ ಮುದ್ರಣಾಲಯದಲ್ಲಿ; ಮಾರಾಟಕ್ಕೆ ಹೋದದ್ದು ಆಫ್ರಿಕದ ಬದಿಯ ಒಂದು ಪುಟ್ಟ ದ್ವೀಪಕ್ಕೆ. ನನ್ನ ಮೈಮೇಲೆ ಬಿಳಿ ಹಾಯಿ ಬಿಚ್ಚಿದ ಮರದ ದೋಣಿ, ಹಿಂದೆ ತೆಂಗಿನ ಸಾಲು, ದಡದಲ್ಲಿ ಮೀನು ಒಣಹಾಕುವ ಹೆಂಗಸರು.

ಸರಕಿನ ಹಡಗಿನ ಕಲಾಸಿ ಶೀನ ನನ್ನನ್ನು ಆರಿಸಿಕೊಂಡ. ಅವನ ಊರು ಕುಂದಾಪುರದ ಹತ್ತಿರದ ಕೋಡಿ. ನನ್ನನ್ನು ಕಂಡಾಗ ಊರಿನ ದಡವೇ ಕಂಡಂತಾಯಿತೋ ಏನೋ, ನಾಲಿಗೆಗೆ ಸವರಿ ಲಕೋಟೆಗೆ ಅಂಟಿಸಿದ. ಹೆಂಡತಿ ಗುಲಾಬಿಗೆ ಓದಲು ಬಾರದು. ಹಾಗಾಗಿ ವಿಳಾಸದಲ್ಲಿ ತಂಗಿ ವಾರಿಜಳ ಹೆಸರು ಬರೆದ.

ಅಂಚೆಯವನು ಬಾಗಿಲಲ್ಲಿ ವಾರಿಜಳನ್ನು ಕೂಗಿದಾಗ ಗುಲಾಬಿ ಮೀನು ಕೊಯ್ಯುತ್ತಿದ್ದಳು. ಕೈ ತೊಳೆದು ಬರುವಷ್ಟರಲ್ಲಿ ನಾದಿನಿ ಲಕೋಟೆ ಒಡೆದಾಗಿತ್ತು. ಗಂಡನ ಮಾತುಗಳು ಇನ್ನೊಬ್ಬಳ ಬಾಯಿಂದ ಬರುವುದನ್ನು ಗುಲಾಬಿ ತಲೆ ತಗ್ಗಿಸಿ ಕೇಳಿದಳು. ಓದಿ ಮುಗಿಸಿದ ವಾರಿಜ ನನ್ನನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಅನ್ನದ ಅಗುಳು ಹಚ್ಚಿ ಜಗಲಿಯ ಕನ್ನಡಿಯ ಮೂಲೆಗೆ ಅಂಟಿಸಿದಳು.

ಅಲ್ಲಿಂದ ನಾನು ಗುಲಾಬಿಯ ಮುಖವನ್ನು ದಿನವೂ ಕಂಡೆ. ತಲೆ ಬಾಚುತ್ತಿದ್ದವಳ ಕೈ ನನ್ನನ್ನು ಕಂಡೊಡನೆ ನಿಲ್ಲುತ್ತಿತ್ತು. ಗಂಡ ತನ್ನವನು, ದೋಣಿ ಮಾತ್ರ ನಾದಿನಿಯದು! ನೆರೆಯವರು ನನ್ನನ್ನು ನೋಡಿ, ಅಣ್ಣನಿಗೆ ತಂಗಿಯೆಂದರೆ ಎಷ್ಟು ಪ್ರೀತಿ ಎಂದು ಹೊಗಳಿದ ದಿನ ಅವಳು ಊಟ ಮಾಡಲಿಲ್ಲ. ಮರುದಿನ ವಾರಿಜ ಬಡಿಸಿದ ಸಾರಿಗೆ ಉಪ್ಪು ಹೆಚ್ಚೆಂದಳು. ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದಳು.

ಒಂದು ಮಧ್ಯಾಹ್ನ ಗುಲಾಬಿ ಉಗುರಿನಿಂದ ನನ್ನನ್ನು ಕೆರೆದು ಕಿತ್ತಳು. ತೆಂಗಿನ ಸಾಲಿದ್ದ ಮೂಲೆ ಹರಿದು ಕನ್ನಡಿಯಲ್ಲೇ ಉಳಿಯಿತು. ನನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಸಂಜೆ ವಾರಿಜ ಆ ಹರಕು ಚೂರನ್ನು ಕಂಡಳು. ಜಗಳವಾಡಲಿಲ್ಲ. ಅತ್ತಿಗೆಯ ಎದುರು ಕೂತು ಹೇಳಿದಳು: "ಮೇಲಿನ ಹೆಸ್ರ್ ಮಾತ್ರ ನಂದ್, ಅತ್ಗಿ. ಒಳ್ಗಿಪ್ದೆಲ್ಲ ನಿಮ್ದೇ. ನಾ ಹ್ಯಾಂಗಿದ್ದೆ ಅಂತ ಅಣ್ಣ ಒಂದ್ ಸರ್ತಿ ಆದ್ರೂ ಕೇಂಡದ್ ಇತ್ತಾ? ಓದುವತ್ತಿಗೆ ನಂಗೂ ಹೊಟ್ಟೆ ಉರಿತ್."

ಗುಲಾಬಿ ಸೆರಗಿನ ಗಂಟು ಬಿಚ್ಚಿ ನನ್ನನ್ನು ನಾದಿನಿಯ ಅಂಗೈಗೆ ಹಾಕಿದಳು.

"ಅಣ್ಣಂಗೆ ಓಲಿ ಬರಿ ಹೆಣೆ," ಎಂದು ಸಲುಗೆಯಿಂದ ಹೇಳಿದಳು. "ತಂಗಿಗೂ ಎರಡ್ ಮಾತ್ ಬರಿಕ್ ಅಂತ ನಾ ಹೇಳಿದೆ ಅಂತ ಬರಿ."

ಶೀನ ಬರೆದ. ಮುಂದಿನ ಓಲೆಯಲ್ಲಿ ವಾರಿಜಳಿಗೆಂದೇ ಎರಡು ಸಾಲು ಇದ್ದವು. ಅವಳು ಅವನ್ನು ಎರಡೆರಡು ಸಲ ಓದಿದಾಗ, ತಾನೇ ಬರೆಸಿದ್ದೆಂಬುದು ಗೊತ್ತಿದ್ದರೂ ಗುಲಾಬಿಯ ಮುಖ ಸ್ವಲ್ಪ ಗಂಟಾಯಿತು. ವಾರಿಜ ಅದನ್ನು ಕಂಡು ನಕ್ಕುಬಿಟ್ಟಳು. ಗುಲಾಬಿಯೂ ನಕ್ಕಳು.

ಮದುವೆಯಾಗಿ ಬೈಂದೂರಿಗೆ ಹೋಗುವಾಗ ವಾರಿಜ ನನ್ನನ್ನು ಜೊತೆಗೆ ಒಯ್ದಳು. ಈಗ ನಾನು ಅವಳ ಟ್ರಂಕಿನ ಮುಚ್ಚಳದ ಒಳಬದಿಯಲ್ಲಿದ್ದೇನೆ. ಬಣ್ಣ ಮಾಸಿದೆ. ಶೀನ ಹಡಗು ಬಿಟ್ಟು ಊರು ಸೇರಿ ವರ್ಷಗಳಾದವು, ಓಲೆಗಳು ನಿಂತವು. ಅತ್ತಿಗೆ ನಾದಿನಿಯರು ದಿನವೂ ಫೋನಿನಲ್ಲಿ ಮಾತಾಡುತ್ತಾರೆ: ಮೀನಿನ ಸಾರು, ಮಂಡಿನೋವು, ಸೊಸೆಯಂದಿರು. ಮುಚ್ಚಳದಡಿಯ ಕತ್ತಲೆಯಲ್ಲಿ ಎಲ್ಲವೂ ಕೇಳಿಸುತ್ತದೆ. ನನಗಾಗಿ ಮುಖ ತಿರುಗಿಸಿಕೊಂಡಿದ್ದವರು ಇವರೇ. ಒಬ್ಬಳಾದರೂ ನನ್ನ ಸುದ್ದಿ ಎತ್ತುವುದಿಲ್ಲ. ಅವರು ಚೆನ್ನಾಗಿದ್ದಾರೆಂದು ಸಂತೋಷವೇ. ಆದರೂ ಆ ಫೋನು ರಿಂಗಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.