ಸಂದಿಯಲ್ಲಿ ಸಿಕ್ಕ ಮಗು

ವಂಜಿರು ಕೀನ್ಯಾದಿಂದ ಇಂಗ್ಲಿಷ್ ಕಲಿಸಲು ಬೆಂಗಳೂರಿಗೆ ಬಂದು ಒಂದು ವರ್ಷ ದಾಟಿತ್ತು. ಚಾಮರಾಜಪೇಟೆಯಲ್ಲಿ ಶಕುಂತಲಮ್ಮನವರ ಮಹಡಿಮನೆಯಲ್ಲಿ ಬಾಡಿಗೆಗಿದ್ದಳು. ಬೆಳಿಗ್ಗೆ ಅವರು ಕೊಟ್ಟ ಕಾಫಿ ಕುಡಿದು, ಮಾರ್ಕೆಟ್ಟಿನ ಗದ್ದಲ ಹಾಯ್ದು ಚಿಕ್ಕಪೇಟೆಗೆ ನಡೆಯುವಳು. ಅಲ್ಲೊಂದು ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಬೆಳಿಗ್ಗೆ ಕಾಲೇಜಿನ ಹುಡುಗಿಯರು. ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಅಂಗಡಿಗಳ ಸೇಲ್ಸ್‌ನವರು. ನಡುವೆ ಕೆಳಗಿಳಿದು ದರ್ಶಿನಿಯಲ್ಲಿ ಏನಾದರೂ ತಿಂದು ಬರುವಳು. ಜನ ತಿರುಗಿ ನೋಡುವುದು, ಕೇಳದೆಯೇ ಫೋಟೊ ತೆಗೆಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಆ ವಾರ ಊರಲ್ಲೊಂದು ಸುದ್ದಿ ಹಬ್ಬಿತ್ತು. ಹೊರಗಿನವರು ಬಂದು ಮಕ್ಕಳನ್ನು ಕದ್ದೊಯ್ಯುತ್ತಿದ್ದಾರಂತೆ. ಯಾರ ಮಗು, ಯಾವ ಬೀದಿ ಅಂದರೆ ಯಾರಿಗೂ ಗೊತ್ತಿಲ್ಲ; ಆದರೆ ಎಲ್ಲರ ವಾಟ್ಸಾಪಿನಲ್ಲೂ ಅದೇ. "ಹುಷಾರಾಗಿ ಓಡಾಡಮ್ಮ," ಎಂದಿದ್ದರು ಶಕುಂತಲಮ್ಮ. ಮಕ್ಕಳಿಲ್ಲದ ತನಗೇಕೆ ಈ ಮಾತು ಎಂದು ವಂಜಿರು ನಕ್ಕಿದ್ದಳು.

ಶುಕ್ರವಾರ ಊಟ ಮುಗಿಸಿ ಸಂದಿಗೆ ತಿರುಗಿದವಳ ಕುರ್ತಾವನ್ನು ಯಾರೋ ಜಗ್ಗಿದಂತಾಯಿತು. ನೋಡಿದರೆ ಮೂರು ವರ್ಷದ ಹೆಣ್ಣುಮಗು. ಮೂಗು ಸೋರಿಸಿಕೊಂಡು ಬಿಕ್ಕುತ್ತಿತ್ತು. ಬಟ್ಟೆ ಮೂಟೆ ಹೊತ್ತ ಹಮಾಲರು, ಎದುರಿನಿಂದ ಸ್ಕೂಟರು. ತುಳಿದುಬಿಟ್ಟಾರು ಎಂದು ವಂಜಿರು ಮಗುವನ್ನು ಎತ್ತಿಕೊಂಡಳು. ಅದು ಅವಳ ಕೊರಳಿಗೆ ಜೋತುಬಿದ್ದು ಇನ್ನೂ ಜೋರಾಗಿ ಅಳತೊಡಗಿತು.

"ಏಯ್, ಯಾರ ಮಗು ಅದು?"

ಕೇಳಿದವನ ಕೈಯಲ್ಲಿ ಮೊಬೈಲು ಆಗಲೇ ಮೇಲೆದ್ದಿತ್ತು.

"ಅಮ್ಮ... ಅಮ್ಮ ಇಲ್ಲ. ಮಗು ಅಳುತ್ತೆ," ಎಂದಳು. ಕಲಿತಿದ್ದ ಕನ್ನಡವೆಲ್ಲ ಆ ಕ್ಷಣಕ್ಕೆ ಅಷ್ಟಕ್ಕೇ ನಿಂತುಹೋಯಿತು.

"ಕಳ್ಳಿ! ಮಕ್ಕಳ ಕಳ್ಳಿ ಕಣ್ರೋ!"

ಆ ಮಾತು ಅವಳಿಗೆ ಅರ್ಥವಾಯಿತು. ನೋಡನೋಡುತ್ತಿದ್ದಂತೆ ಸಂದಿಯ ಎರಡೂ ಬದಿ ಜನ ಕಟ್ಟಿಕೊಂಡರು. ಯಾರೋ ಬ್ಯಾಗು ಕಿತ್ತರು. ಅದರೊಳಗಿನ ಚಾಕ್‌ಪೀಸ್ ಡಬ್ಬಿ ಬಿದ್ದು ನೆಲವೆಲ್ಲ ಬಿಳಿಯಾಯಿತು.

"ನೋಡ್ರೋ, ಅದೇನೋ ಪುಡಿ ಇಟ್ಕೊಂಡವಳೆ! ಮೂಸಿಸಿ ಎತ್ಕೊಂಡು ಹೋಗೋದು!"

ಹಿಂದಿನಿಂದ ಒಂದು ಕೈ ಅವಳ ಕೂದಲು ಹಿಡಿಯಿತು. ಮಗುವನ್ನು ಇಳಿಸಿ ಓಡಲೇ ಅನ್ನಿಸಿತು. ಓಡಿದರೆ ಕಳ್ಳಿಯೆಂದೇ ಆಗುತ್ತದೆ. ಇಳಿಸಿದರೆ ಇಷ್ಟು ಕಾಲುಗಳ ನಡುವೆ ಮಗು ಉಳಿಯುವುದಿಲ್ಲ. ಗೋಡೆಗೆ ಬೆನ್ನೊತ್ತಿ, ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿ ನಿಂತಳು.

ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೈಲಾಸ್ ಕಂಡ. ಮಧ್ಯಾಹ್ನದ ಕ್ಲಾಸಿನ ವಿದ್ಯಾರ್ಥಿ. ಕಣ್ಣಿಗೆ ಕಣ್ಣು ಸೇರಿತು. ಅವನು ತಲೆ ತಗ್ಗಿಸಿ ಒಳಗೆ ಹೋದ. ಆದರೆ ಮರುಗಳಿಗೆಯಲ್ಲೇ ಅವನು ಹೊರಬಂದು ಜನರ ನಡುವೆ ನುಗ್ಗಿದ.

"ಬಿಡ್ರಿ! ಇವ್ರು ನಮ್ ಟೀಚರ್ರು. ಇಲ್ಲೇ ಮೇಲ್ಗಡೆ ಪಾಠ ಮಾಡ್ತಾರೆ!"

"ಓಹೋ, ಇವನೂ ಗ್ಯಾಂಗೇ ಅನ್ಸುತ್ತೆ!" ಎಂದು ಒಬ್ಬ ಅವನ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಕೆನ್ನೆಗೆ ಬಾರಿಸಿದ. ಕೈಲಾಸ್ ತತ್ತರಿಸಿ ವಂಜಿರುವಿನ ಪಕ್ಕಕ್ಕೇ ಬಂದು ಬಿದ್ದ.

"ಚಿನ್ನೂ!"

ಸೀರೆಯ ಕವರುಗಳನ್ನು ಅಲ್ಲೇ ಚೆಲ್ಲಿ ಒಬ್ಬ ಹೆಂಗಸು ಓಡಿಬಂದಳು. ಮಗು ಕೈಚಾಚಿತು. "ಸೀರೆ ನೋಡ್ತಿದ್ದೆ, ಪಕ್ಕದಲ್ಲೇ ಇತ್ತು, ಹೆಂಗ್ ಹೋಯ್ತೋ," ಎಂದು ಅಳುತ್ತಾ ಮಗುವನ್ನು ಕಸಿದುಕೊಂಡಳು. ವಂಜಿರುವಿನ ಮುಖ ನೋಡಿದ್ದೇ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಮಗುವನ್ನು ಅವುಚಿಕೊಂಡು ಹೊರಟುಹೋದಳು.

ಜನ ಕರಗಿದರು. "ಸರಿ ಸರಿ, ನಡೀರಿ," ಎಂದ ಯಾರೋ. ಕೂದಲು ಹಿಡಿದಿದ್ದವನು ಯಾರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

"ಭಯ ಆಗಿ ಒಳಗೆ ಹೋಗ್ಬಿಟ್ಟೆ ಮೇಡಂ," ಎಂದ ಕೈಲಾಸ್, ಊದಿದ ಕೆನ್ನೆ ಒತ್ತಿಕೊಳ್ಳುತ್ತಾ.

"ನನಗೂ ಭಯ," ಎಂದಳು ಅವಳು ಕನ್ನಡದಲ್ಲೇ. ಅಂದು ಕ್ಲಾಸು ನಡೆಯಲಿಲ್ಲ.

ಸಂಜೆಯ ಹೊತ್ತಿಗೆ ವಿಡಿಯೊ ಶಕುಂತಲಮ್ಮನವರ ಮೊಬೈಲಿಗೂ ಬಂದಿತ್ತು. 'ಚಿಕ್ಕಪೇಟೆಯಲ್ಲಿ ಮಕ್ಕಳ ಕಳ್ಳಿ ಸೆರೆ'. ತಾಯಿ ಬಂದದ್ದು ಅದರಲ್ಲಿರಲಿಲ್ಲ. ಶಕುಂತಲಮ್ಮ ಚಪ್ಪಲಿ ಮೆಟ್ಟಿದರು. "ನಡಿ, ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಬರೋಣ. ನಾನಿದೀನಿ." ದೂರು ಬರೆಸಿಕೊಂಡ ಪೊಲೀಸರು ವಿಡಿಯೊ ತೆಗೆಸುತ್ತೇವೆ ಎಂದರು. ಅಷ್ಟರಲ್ಲಿ ಅದು ಎಷ್ಟು ಮೊಬೈಲು ಸೇರಿತ್ತೋ.

ಸೋಮವಾರ ಶಕುಂತಲಮ್ಮ ಅವಳ ಜೊತೆಗೇ ಚಿಕ್ಕಪೇಟೆಯವರೆಗೆ ನಡೆದು ಬಂದರು. ದಾರಿಯಲ್ಲಿ ಯಾರು ಮೊಬೈಲು ಎತ್ತಿದರೂ ವಂಜಿರು ಅವರ ತೋಳು ಬಿಗಿಯಾಗಿ ಹಿಡಿಯುವಳು. ಒಬ್ಬಾಕೆ ಇವಳನ್ನು ಕಂಡು ತನ್ನ ಮಗನನ್ನು ಸೆರಗಿನ ಮರೆಗೆ ಎಳೆದುಕೊಂಡಳು.

ಬೆಳಗಿನ ಕ್ಲಾಸಿಗೆ ಬಂದದ್ದು ಮೂವರೇ. "ಗುಡ್ ಮಾರ್ನಿಂಗ್, ಮೇಡಂ," ಎಂದರು. ಕೆಳಗೆ ಸಂದಿಯಲ್ಲಿ ಯಾರೋ ಜೋರಾಗಿ ಕೂಗಿದರು. ಹಮಾಲನೊಬ್ಬ ದಾರಿ ಬಿಡಿ ಎಂದದ್ದಿರಬೇಕು. ವಂಜಿರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು. ಎಳೆದು ನೋಡಿದಳು. ಆಮೇಲೆ ಪಾಠ ಶುರುಮಾಡಿದಳು.