ಮರದ ಆಚೆ ಬದಿಯ ಹಳದಿ

ನಾನು ಬೋರ್ಡ್ ಬರೆಯುವ ಪೇಂಟರ್. ಅಂಗಡಿ ಬೋರ್ಡಿಗೆ ಹಿಂಬದಿ ಎಂಬುದೇ ಇರುವುದಿಲ್ಲ, ಹಿಂದೆ ಗೋಡೆ. ಮೂವತ್ತು ವರ್ಷ ಒಂದೇ ಮುಖ ಬಳಿದ ಕೈ ಇದು. ನಗರದ ಹೊರಗಿನ ಕಾಡುದಾರಿಗೆ ಗುರುತು ಹಾಕಿಕೊಡು ಎಂದು ನಮ್ಮ ನಡಿಗೆಯ ಸಂಘದವರು ಕೇಳಿದಾಗಲೂ ಅದೇ ಚಾಳಿ. ಹೋಗುವವರಿಗೆ ಕಾಣುವಂತೆ ಕಾಡಿನ ಮರಗಳಿಗೆ, ಕುರುಚಲು ಬಯಲಿನ ಕಲ್ಲುಗಳಿಗೆ ಹಳದಿ ಬಾಣ ಬರೆದೆ. ವಾಪಸ್ ಬರುವವರ ಕಡೆಗೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ದಾರಿ ಮುಗಿಯುವುದು ಬೇರೆ ಬಸ್ ನಿಲ್ದಾಣದಲ್ಲಿ, ಯಾವ ಪುಣ್ಯಾತ್ಮ ಹಿಂದಿರುಗುತ್ತಾನೆ ಎಂದುಕೊಂಡೆ. 'ಸಾಧಾರಣ ನಡಿಗೆ, ಹದಿನಾಲ್ಕು ಕಿಲೋಮೀಟರ್, ಐದು ಗಂಟೆ' ಎಂದು ಫಲಕವನ್ನೂ ನಾನೇ ಬರೆದೆ.

ಹಿಂದಿರುಗಿದವರು ನಮ್ಮ ಭಾವ.

ಅರ್ಧ ದಾರಿಯಲ್ಲಿ ಅವರ ಮಂಡಿ ಹಿಡಿದುಕೊಂಡಿತು. "ನೀವು ನಡೀರಿ, ನಾನು ಬಂದ ದಾರೀಲೇ ವಾಪಸ್ ಹೋಗ್ತೀನಿ" ಎಂದು ಸಂಘದವರಿಗೆ ಹೇಳಿ ಒಬ್ಬರೇ ತಿರುಗಿದರು. ಮಾರನೆಯ ಬೆಳಿಗ್ಗೆ ಬಯಲಿನಾಚೆ, ಹಳೆಯ ಕ್ವಾರಿಯ ಗುಂಡಿಯಲ್ಲಿ ಹೆಣವಾಗಿ ಸಿಕ್ಕರು. ಭಾವ ಬಸ್ ಡ್ರೈವರ್. ಅಡ್ಡದಾರಿ ಹುಡುಕುವುದರಲ್ಲಿ ಎತ್ತಿದ ಕೈ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಡ್ಡದಾರಿ ಹಿಡಿಯಲು ಹೋಗಿ ಸತ್ತ.

ಅಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ; ನನಗೆ ಬಂದದ್ದು ಬುದ್ಧಿಯಲ್ಲ, ಭಯ. ಮೂರನೆಯ ದಿನ ಹೊಸ ಡಬ್ಬಿ ಕೊಂಡು, ಇಡೀ ದಾರಿಯನ್ನು ತುದಿಯಿಂದ ಹಿಂದಕ್ಕೆ ನಡೆದು, ಎಲ್ಲ ಮರಗಳ, ಎಲ್ಲ ಕಲ್ಲುಗಳ ಇನ್ನೊಂದು ಬದಿಗೂ ಬಾಣ ಬರೆದೆ. ನಾಲ್ಕನೆಯ ದಿನ ಅರಣ್ಯ ಕಚೇರಿಯವರು ಬಂದರು. ಗುರುತು ಎರಡೂ ಕಡೆ ಸರಿಯಾಗಿದೆ ಎಂದು ಬರೆದುಕೊಂಡು ಹೋದರು.

ಅಕ್ಕ ಸತ್ತ ಗಂಡನನ್ನು ಒಂದು ವರ್ಷ ಬೈದಳು. ಹದಿನಾರು ವರ್ಷದ ಮಗಳು ಅಪ್ಪನ ಹೆಣದ ಮುಂದೆ ಅಳಲಿಲ್ಲ. "ನಮಗಿಂತ ಅವರಿಗೆ ಹಟವೇ ಹೆಚ್ಚಾಯ್ತು" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಆ ಮನೆಯಲ್ಲೇ ವಾರವಾರ ಉಣ್ಣುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ಮೊನ್ನೆ ಭಾನುವಾರ ಅಕ್ಕ, "ಅವರು ನಡೆದ ದಾರಿ ಒಂದು ಸಲ ನೋಡ್ಬೇಕು ಕಣೋ, ಕರ್ಕೊಂಡು ಹೋಗು" ಎಂದಳು. ಬೇಡ ಎನ್ನಲು ಯಾವ ನೆಪವೂ ಹೊಳೆಯಲಿಲ್ಲ.

ಬಯಲಿನಲ್ಲಿ ಮೊಳಕಾಲೆತ್ತರದ ಕುರುಚಲು, ಮರಳು ಮಣ್ಣು, ಹತ್ತು ಕಡೆಗೆ ಕವಲೊಡೆಯುವ ಕಾಲುದಾರಿ. ಅದನ್ನು ದಾಟಿ ಕಾಡು ಹೊಕ್ಕೆವು. "ಇದಾ ನಿನ್ನ ಸಾಧಾರಣ? ನನ್ನ ಸೊಂಟ ಕೇಳು, ಹೇಳುತ್ತೆ" ಎಂದು ಅಕ್ಕ ಅಣಕಿಸಿದಳು. ಭಾವ ತಿರುಗಿದರೆಂದು ಸಂಘದವರು ಹೇಳಿದ್ದ ಜಾಗ ತೋರಿಸಿದೆ. ಅಲ್ಲಿ ಕೂತು ನೀರು ಕುಡಿದು, "ಬಾ, ನಾವೂ ಇಲ್ಲಿಂದಲೇ ವಾಪಸ್ ಹೋಗೋಣ" ಎಂದಳು.

ವಾಪಸ್ ದಾರಿಯ ಮೊದಲ ಬಾಣ ಕಂಡದ್ದೇ ತಡ, ಶುರುವಾಯಿತು. "ಇಷ್ಟು ದೊಡ್ಡದಾಗಿ ಬರೆದಿದ್ದೀಯ. ಕಣ್ಣನ್ನ ಎಲ್ಲಿಟ್ಟುಕೊಂಡಿದ್ದರೋ ಮಹಾರಾಯರು." ಮುಂದಿನ ಮರಕ್ಕೂ ಬೈಗುಳ, ಅದರ ಮುಂದಿನದಕ್ಕೂ. ಹೇಳಿಬಿಡು, ಈಗಲಾದರೂ ಹೇಳಿಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಅವಳ ಹಿಂದೆ ನಡೆದೆ.

ಬಯಲಿನ ಒಂದು ಕಲ್ಲಿನ ಹತ್ತಿರ ಅಕ್ಕ ನಿಂತಳು. ಅವಳು ಟೈಲರ್. ಅಂಗಡಿಯವನು ಒಂದೇ ಎಂದು ಕೊಡುವ ಎರಡು ದಾರದುಂಡೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬೇರೆ ಮಾಡುವವಳು. ಕಲ್ಲಿನ ಆ ಬದಿಗೆ ಹೋಗಿ ನೋಡಿದಳು, ಈ ಬದಿಗೆ ಬಂದು ನೋಡಿದಳು.

"ಇದು ಬೇರೆ ಹಳದಿ. ಆ ಕಡೇದು ಹಳೇದು. ಇದನ್ನ ಯಾವಾಗ ಬರೆದೆ?"

ಮಳೆಗೆ ಅಳಿಸಿತ್ತು ಎಂದು ಏನೋ ಶುರು ಮಾಡಿದೆ. ಅಕ್ಕ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಅವರು ಹೋದ ಮೂರನೇ ದಿನ" ಎಂದೆ.

"ಅವರು ತಿರುಗಿದಾಗ ಈ ಕಡೆ ಏನೂ ಇರಲಿಲ್ಲ?"

"ಇರಲಿಲ್ಲ."

ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು.

"ಹಾಗಾದರೆ ಅವರು ಸುಮ್ಮನೆ ಮನೆಗೆ ಬರ್ತಾ ಇದ್ದರು."

"ಹೌದಕ್ಕ."

"ನಾನು ಬೈಯುವಾಗೆಲ್ಲ ನೀನು ಎದುರಿಗೇ ಕೂತಿದ್ದೆ."

"ತಪ್ಪಾಯ್ತು ಅಕ್ಕ."

"ಅದನ್ನ ನನಗೆ ಹೇಳಬೇಡ. ಅಪ್ಪ ಸತ್ತಾಗ ಆ ಮಗು ಅಳಲೇ ಇಲ್ಲವಲ್ಲೋ. ಈಗ ಹೋಗಿ, ಅಳಮ್ಮ, ನಿಮ್ಮಪ್ಪನ ತಪ್ಪೇನಿರಲಿಲ್ಲ ಅನ್ನಲಾ?"

ಅಕ್ಕ ಎದ್ದು ಸೀರೆ ಕೊಡವಿಕೊಂಡು ನಡೆದಳು. ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ತಿರುಗದೆ, "ನೀನು ಮುಂದಿನ ಬಸ್ಸಿಗೆ ಬಾ. ಬಂದು ಅವಳಿಗೆ ನೀನೇ ಹೇಳು" ಎಂದಳು.

ಮುಂದಿನ ಬಸ್ಸು ಬಂತು. ನಾನು ಹತ್ತಲಿಲ್ಲ. ಅದರ ಮುಂದಿನದೂ ಬಂತು, ಹೋಯಿತು. ಅಷ್ಟರಲ್ಲಿ ಫೋನ್ ಬಂತು, ಅಕ್ಕನ ಮಗಳು.

"ಮಾವ, ಎಲ್ಲಿದ್ದೀರಾ? ಅಮ್ಮ ಒಂದೇ ಸಮ ಅಳ್ತಾ ಇದ್ದಾರೆ. ಏನು ಅಂದ್ರೆ, ಮಾವನ್ನ ಕೇಳು ಅಂತಾರೆ. ಅಪ್ಪಂದೇ ತಾನೇ ಮತ್ತೆ? ಸತ್ತ ಮೇಲೂ ಗೋಳು ಹುಯ್ಕೋತಾರೆ ನೋಡಿ."

"ಬರ್ತಾ ಇದ್ದೀನಿ ಪುಟ್ಟಿ" ಎಂದೆ. ಮೂರನೆಯ ಬಸ್ಸು ಬಂದು ನನ್ನೆದುರೇ ನಿಂತಿತು. ಡ್ರೈವರ್ ಸ್ವಲ್ಪ ಕಾದು, ಬಾಗಿಲು ಹಾಕಿಕೊಂಡು ಹೋದ.